ಹಲ್ಲಿನ ಮೇಲೆ ರಾತ್ರಿಯ ಉಸಿರಿನ ಗುರುತು

ದಂತವೈದ್ಯರ ಕುರ್ಚಿಯಲ್ಲಿ ಒರಗಿದ ನಡುವಯಸ್ಸಿನ ಒಬ್ಬರು ಬಾಯಿ ತೆರೆಯುತ್ತಾರೆ. ದವಡೆ ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಎರಡನೆಯ ಸಲ ಉದುರಿತೆಂದು ಬಂದವರು. ದೀಪದ ಬೆಳಕು ಬಿದ್ದಾಗ ಆ ಒಂದು ಹಲ್ಲಿನ ಜೊತೆಗೆ ಇನ್ನೂ ಹಲವು ಸಂಗತಿಗಳು ಕಾಣುತ್ತವೆ. ಹಿಂಬದಿಯ ಹಲ್ಲುಗಳ ಏರುತಗ್ಗುಗಳೆಲ್ಲ ಸವೆದು ತೇಯುವ ಕಲ್ಲಿನ ಮೈಯಂತೆ ನುಣುಪಾಗಿವೆ. ನಾಲಗೆಯ ಎರಡೂ ಅಂಚಿನಲ್ಲಿ ಹಲ್ಲಿನ ಅಚ್ಚು ಕರ್ಜಿಕಾಯಿಯ ಅಂಚಿಗೆ ಒತ್ತಿದ ನಿರಿಗೆಯಂತೆ ಸಾಲಾಗಿ ಮೂಡಿದೆ. ‘ಆ’ ಎನ್ನಿ ಎಂದರೂ ಕಿರುನಾಲಗೆ ಕಾಣಿಸುವುದಿಲ್ಲ; ದಪ್ಪನೆಯ ನಾಲಗೆ ಗಂಟಲಿನ ಬಾಗಿಲನ್ನು ಮರೆಮಾಡಿದೆ. ಮುಂಭಾಗದ ಒಸಡು ಕೆಂಪೇರಿ ಒಣಗಿದೆ. ವೈದ್ಯರು ಹಲ್ಲಿಗೆ ಮತ್ತೆ ಸಿಮೆಂಟು ತುಂಬಿ ಕಳಿಸಬಹುದು. ಹೆಚ್ಚಿನ ಕಡೆ ಆಗುವುದೂ ಅಷ್ಟೇ. ಆದರೆ ‘ರಾತ್ರಿ ಗೊರಕೆ ಬರುತ್ತದೆಯೇ? ಬೆಳಿಗ್ಗೆ ಎದ್ದಾಗ ಬಾಯಿ ಒಣಗಿರುತ್ತದೆಯೇ?’ ಎಂದು ಕೇಳಿಬಿಟ್ಟರೆ, ಹಲ್ಲು ತೋರಿಸಲು ಬಂದವರ ಹೃದಯ, ರಕ್ತದೊತ್ತಡ, ವಾಹನ ಚಾಲನೆ ಎಲ್ಲವೂ ಮಾತಿಗೆ ಬರುತ್ತವೆ.

ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆಗೆ ವೈದ್ಯಲೋಕ ಇಟ್ಟ ಹೆಸರು ಸ್ಲೀಪ್ ಆಪ್ನಿಯಾ. ಇದನ್ನು ಶ್ವಾಸಕೋಶ, ಹೃದಯ, ನರ ಅಥವಾ ಕಿವಿ-ಮೂಗು-ಗಂಟಲಿನ ವಿಷಯವೆಂದು ತಿಳಿದಿರುವ ನಾವು ಬಾಯಿಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ. ಆದರೆ ಈ ಕಾಯಿಲೆ ಹುಟ್ಟುವ ಜಾಗದಲ್ಲಿ ದವಡೆ ಇದೆ, ಹಾನಿಯ ಗುರುತು ಉಳಿಯುವ ಜಾಗದಲ್ಲಿ ಹಲ್ಲಿದೆ, ಒಂದು ಮುಖ್ಯ ಚಿಕಿತ್ಸೆಗೆ ಆಧಾರವಾಗಿಯೂ ಹಲ್ಲೇ ನಿಲ್ಲುತ್ತದೆ. ಈ ಮೂರು ನಂಟುಗಳಲ್ಲಿ ಯಾವುದು ಗಟ್ಟಿ, ಯಾವುದು ಇನ್ನೂ ಅನುಮಾನದ್ದು ಎಂಬುದನ್ನು ಬಿಡಿಸಿ ನೋಡುವ ಅಗತ್ಯವಿದೆ.

ಗೊರಕೆ ಸುಖನಿದ್ದೆಯ ಲಕ್ಷಣವೇ?

ನಮ್ಮ ಆಡುಮಾತು ಗೊರಕೆಯನ್ನು ಗಾಢ ನಿದ್ದೆಯ ಗುರುತಾಗಿ ಕಂಡಿದೆ. ‘ಗೊರಕೆ ಹೊಡೆದುಕೊಂಡು ಮಲಗಿದ್ದಾನೆ’ ಎಂದರೆ ನಿಶ್ಚಿಂತೆಯಿಂದ ಮಲಗಿದ್ದಾನೆ ಎಂದೇ ಅರ್ಥ. ‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಕುಳಿತಲ್ಲೇ ತೂಕಡಿಸುವವರನ್ನು ಅದೃಷ್ಟವಂತರ ಸಾಲಿಗೆ ಸೇರಿಸಿದೆ. ಸಂತೆಯಲ್ಲಿ ನಿದ್ದೆ ಬರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು: ರಾತ್ರಿ ನಿದ್ದೆಯೇ ಆಗಿರುವುದಿಲ್ಲ. ಗಂಟಲಿನ ದಾರಿ ಮುಚ್ಚಿ ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ದೇಹವನ್ನು ಅರೆಕ್ಷಣ ಎಬ್ಬಿಸುತ್ತದೆ, ದೊಡ್ಡ ಸದ್ದಿನೊಂದಿಗೆ ಉಸಿರು ಮರಳುತ್ತದೆ. ಮಲಗಿದವರಿಗೆ ಇದಾವುದರ ನೆನಪೂ ಇರುವುದಿಲ್ಲ. ಉಸಿರು ಪೂರ್ತಿ ನಿಲ್ಲುವುದನ್ನೂ ಗಣನೀಯವಾಗಿ ಇಳಿಯುವುದನ್ನೂ ಸೇರಿಸಿ ಗಂಟೆಗೆ 5ರಿಂದ 15 ಸಲ ಹೀಗಾದರೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ಮತ್ತು ಅದಕ್ಕಿಂತ ಹೆಚ್ಚಾದರೆ ತೀವ್ರ ಎಂದು ವಿಂಗಡಿಸಲಾಗಿದೆ. ತೀವ್ರ ಹಂತದವರು ಎರಡು ನಿಮಿಷಕ್ಕೊಮ್ಮೆಯಾದರೂ ಉಸಿರಿಗಾಗಿ ಹೋರಾಡುತ್ತಾರೆ, ಅದೂ ಇಡೀ ರಾತ್ರಿ, ವರ್ಷಗಟ್ಟಲೆ.

ಇದರ ವ್ಯಾಪ್ತಿ ಸಣ್ಣದಲ್ಲ. 2019ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ 30ರಿಂದ 69 ವರ್ಷದೊಳಗಿನ 93 ಕೋಟಿಗೂ ಹೆಚ್ಚು ಜನರಲ್ಲಿ ಈ ತೊಂದರೆ ಇದೆ. ಅವರಲ್ಲಿ 42 ಕೋಟಿಗೂ ಹೆಚ್ಚು ಜನರದ್ದು ಮಧ್ಯಮ ಅಥವಾ ತೀವ್ರ ಹಂತ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಮಾಡಿದ ವಿಶ್ಲೇಷಣೆ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಭಾರತೀಯರು ಇದರಿಂದ ಬಳಲುತ್ತಿದ್ದಾರೆಂದೂ, 4.7 ಕೋಟಿ ಜನರಲ್ಲಿ ಅದು ಮಧ್ಯಮದಿಂದ ತೀವ್ರ ಹಂತದಲ್ಲಿದೆಯೆಂದೂ ಹೇಳಿತು. ಗಂಡಸರಲ್ಲಿ ಶೇ 13, ಹೆಂಗಸರಲ್ಲಿ ಶೇ 5 ಎಂಬುದು ಅದರ ಲೆಕ್ಕ. ಹೆಂಗಸರ ಸಂಖ್ಯೆ ನಿಜಕ್ಕೂ ಅಷ್ಟು ಕಡಿಮೆಯೇ ಎಂಬುದು ಪ್ರಶ್ನೆಯಾಗಿಯೇ ಉಳಿದಿದೆ. ಮುಟ್ಟು ನಿಂತ ಮೇಲೆ ಅವರಲ್ಲಿ ಕಾಯಿಲೆ ಏರುತ್ತದೆ. ಅದು ಜೋರು ಗೊರಕೆಗಿಂತ ಆಯಾಸ, ನಿದ್ರಾಹೀನತೆ, ಬೆಳಗಿನ ತಲೆನೋವಾಗಿ ಕಾಣಿಸಿಕೊಳ್ಳುವುದರಿಂದ ಅದನ್ನು ಮನೆಗೆಲಸದ ದಣಿವೆಂದು ತಳ್ಳಿಹಾಕುವುದು ಸುಲಭ. ರಕ್ತದೊತ್ತಡ, ಪಾರ್ಶ್ವವಾಯು, ಹೃದಯದ ಲಯದ ಏರುಪೇರು, ಮಧುಮೇಹ ಇವೆಲ್ಲದರ ಜೊತೆ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಪಡೆಯದ ಚಾಲಕರು ಅಪಘಾತಕ್ಕೆ ಈಡಾಗುವ ಸಂಭವ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು ಎಂದು ಅಧ್ಯಯನಗಳ ಒಟ್ಟು ಲೆಕ್ಕ ತೋರಿಸಿದೆ. ಇಷ್ಟಾದರೂ ಬಹುಪಾಲು ರೋಗಿಗಳಿಗೆ ತಮಗೆ ಕಾಯಿಲೆ ಇದೆಯೆಂಬುದೇ ಗೊತ್ತಿಲ್ಲ.

ನಾಲಗೆ ಹಿಂದೆ ಜಾರುವ ಬಗೆ

ನಾಲಗೆಯ ಮುಖ್ಯ ಸ್ನಾಯು ಕೆಳದವಡೆಯ ಒಳಬದಿಗೆ, ಗಲ್ಲದ ಹಿಂಭಾಗಕ್ಕೆ ಅಂಟಿಕೊಂಡಿದೆ. ಎಚ್ಚರವಿರುವಾಗ ಅದು ನಾಲಗೆಯನ್ನು ಮುಂದಕ್ಕೆ ಎಳೆದು ಹಿಡಿದು ಗಂಟಲಿನ ದಾರಿಯನ್ನು ತೆರೆದಿಡುತ್ತದೆ. ನಿದ್ದೆಯಲ್ಲಿ ಸ್ನಾಯು ಸಡಿಲಗೊಳ್ಳುತ್ತದೆ. ಅಂಗಾತ ಮಲಗಿದರೆ ನಾಲಗೆಯ ಭಾರವೇ ಅದನ್ನು ಹಿಂದಕ್ಕೆ ಜಾರಿಸುತ್ತದೆ. ಮೂಳೆಯ ಆಸರೆಯಿಲ್ಲದ ಗಂಟಲಿನ ಗೋಡೆ ಹೀರುವ ಉಸಿರಿನ ಸೆಳೆತಕ್ಕೆ ಒಳಕ್ಕೆ ಕುಸಿಯುತ್ತದೆ. ಎಲ್ಲರಲ್ಲೂ ಇದು ಸ್ವಲ್ಪ ಮಟ್ಟಿಗೆ ನಡೆಯುವಂಥದ್ದೇ. ಯಾರ ದಾರಿ ಮೊದಲೇ ಇಕ್ಕಟ್ಟಾಗಿದೆಯೋ ಅವರಲ್ಲಿ ಅದು ಮುಚ್ಚಿಕೊಳ್ಳುತ್ತದೆ.

ಇಕ್ಕಟ್ಟಿಗೆ ಬೊಜ್ಜು ದೊಡ್ಡ ಕಾರಣ. ಕುತ್ತಿಗೆಯ ಸುತ್ತ, ನಾಲಗೆಯೊಳಗೂ ಕೊಬ್ಬು ಸೇರುತ್ತದೆ. ಆದರೆ ದಪ್ಪ ಇದ್ದವರಿಗೆ ಮಾತ್ರ ಬರುವ ಕಾಯಿಲೆ ಎಂದುಕೊಂಡರೆ ಅರ್ಧದಷ್ಟು ನಿಜವನ್ನು ಬಿಟ್ಟಂತೆ. ಏಷ್ಯಾದ ಜನರಲ್ಲಿ, ಪಾಶ್ಚಾತ್ಯರಿಗೆ ಹೋಲಿಸಿದರೆ, ಕಡಿಮೆ ತೂಕದಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಮುಖದ ಮೂಳೆಗಳ ರಚನೆ ಅದಕ್ಕೊಂದು ಕಾರಣ ಎಂಬುದನ್ನು ತಜ್ಞರು ಬಹುಕಾಲದಿಂದ ಗುರುತಿಸಿದ್ದಾರೆ. ಹಿಂದೆ ಸರಿದ ಗಲ್ಲ, ಸಣ್ಣ ಕೆಳದವಡೆ, ಕಿರಿದಾಗಿ ಗೋಪುರದಂತೆ ಮೇಲೆದ್ದ ಅಂಗುಳ ಇರುವವರಲ್ಲಿ ನಾಲಗೆಗೆ ಜಾಗ ಸಾಲುವುದಿಲ್ಲ. ಸಣ್ಣ ಪೆಟ್ಟಿಗೆಯಲ್ಲಿ ದೊಡ್ಡ ವಸ್ತು ತುರುಕಿದಂತೆ ಅದು ಹಲ್ಲಿಗೆ ಒತ್ತಿಕೊಂಡು ಅಂಚಿನಲ್ಲಿ ಅಚ್ಚು ಮೂಡಿಸಿಕೊಳ್ಳುತ್ತದೆ, ಇಲ್ಲವೇ ಹಿಂದಕ್ಕೆ ಸರಿಯುತ್ತದೆ. ತೆಳ್ಳಗಿನ ಮೈಕಟ್ಟಿನ ರೋಗಿಯನ್ನು ಸಾಮಾನ್ಯ ವೈದ್ಯರು ಅನುಮಾನಿಸದೆ ಇರಬಹುದು. ದವಡೆ, ಅಂಗುಳ, ಹಲ್ಲಿನ ಸಾಲನ್ನು ದಿನವಿಡೀ ನೋಡುವ ದಂತವೈದ್ಯರ ಕಣ್ಣಿಗೆ ಅದು ಬೀಳಬೇಕು.

ಒಣಬಾಯಿ, ಸವೆದ ಹಲ್ಲು, ಊದಿದ ಒಸಡು

ಎಂಜಲಿನ ಬಗ್ಗೆ ನಮಗೆ ಮಡಿ-ಮೈಲಿಗೆಯ ಭಾವನೆ ಇದೆಯೇ ಹೊರತು ಅದು ಮಾಡುವ ಕೆಲಸದ ಅರಿವು ಕಡಿಮೆ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಹುಟ್ಟಿಸುವ ಆಮ್ಲವನ್ನು ಶಮನಗೊಳಿಸುವುದು ಜೊಲ್ಲು. ಹಲ್ಲಿನ ಹೊರಪದರವಾದ ಎನಾಮಲ್‌ಗೆ ಕ್ಯಾಲ್ಸಿಯಂ ಮರಳಿಸುವುದೂ ಅದೇ. ಬಾಯಿಯ ಆಮ್ಲೀಯತೆ ಪಿಎಚ್ 5.5ರ ಸುತ್ತಮುತ್ತ ತಲುಪಿದರೆ ಎನಾಮಲ್ ಕರಗತೊಡಗುತ್ತದೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಸಹಜವಾಗಿಯೇ ತೀರಾ ಇಳಿದಿರುತ್ತದೆ. ಅಂಥ ಹೊತ್ತಿನಲ್ಲಿ ರಾತ್ರಿಯಿಡೀ ಬಾಯಿಯಿಂದ ಉಸಿರಾಡಿದರೆ ಇದ್ದಷ್ಟು ತೇವವೂ ಆರಿಹೋಗುತ್ತದೆ. ಆಪ್ನಿಯಾ ಇರುವ ಅನೇಕರು ಬೆಳಿಗ್ಗೆ ನಾಲಗೆ ಅಂಗುಳಕ್ಕೆ ಅಂಟಿಕೊಂಡು ಏಳುತ್ತಾರೆ. ಹಾಸಿಗೆಯ ಪಕ್ಕದ ನೀರಿನ ಚೊಂಬು ಅವರಿಗೆ ರೂಢಿಯಾಗಿರುತ್ತದೆ. ಬಾಯಿಯ ದುರ್ವಾಸನೆ, ಮುಂಬದಿಯ ಒಸಡಿನ ಊತ ಇದರ ಬೆನ್ನಿಗೇ ಬರುತ್ತವೆ. ಹುಳುಕಿನ ಅಪಾಯ ಹೆಚ್ಚುತ್ತದೆಂಬುದು ತರ್ಕಕ್ಕೆ ಒಪ್ಪುವ ಮಾತು. ಆದರೆ ವಯಸ್ಕರಲ್ಲಿ ನಡೆದ ಅಧ್ಯಯನಗಳು ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡುತ್ತಿಲ್ಲ.

ನಿದ್ದೆಯಲ್ಲಿ ಹಲ್ಲು ಕಡಿಯುವುದು ಇನ್ನೂ ಕುತೂಹಲದ ಸಂಗತಿ. ಮಕ್ಕಳು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳ ಎಂದು, ದೊಡ್ಡವರು ಕಡಿದರೆ ಮನಸ್ಸಿನ ಒತ್ತಡ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ನಿದ್ದೆಯ ನಡುವೆ ಮಿದುಳು ಅರೆಕ್ಷಣ ಎಚ್ಚೆತ್ತಾಗಲೇ ಹೆಚ್ಚಾಗಿ ಹಲ್ಲು ಕಡಿತ ಸಂಭವಿಸುತ್ತದೆ ಎಂಬುದು ನಿದ್ದೆಯ ಪರೀಕ್ಷೆಗಳಲ್ಲಿ ದಾಖಲಾಗಿದೆ. ಉಸಿರು ಕಟ್ಟಿದಾಗ ಅಂಥ ಎಚ್ಚರಗಳು ಲೆಕ್ಕವಿಲ್ಲದಷ್ಟು. ಮುಚ್ಚಿದ ದಾರಿಯನ್ನು ತೆರೆಯಲು ದವಡೆ ಮುಂದಕ್ಕೆ ಸರಿಯುವ ಯತ್ನವೇ ಈ ಕಡಿತ ಎಂದು ಕೆಲವರು ವಾದಿಸುತ್ತಾರೆ. ಎರಡೂ ಒಟ್ಟಿಗೆ ಕಾಣುತ್ತವೆ ಅಷ್ಟೇ, ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬುದು ಇನ್ನೊಂದು ಪಕ್ಷ. ಇಂದಿರುವ ಪುರಾವೆ ಎರಡನೆಯ ಪಕ್ಷವನ್ನು ತಳ್ಳಿಹಾಕುವಷ್ಟು ಬಲವಾಗಿಲ್ಲ. ಆದರೆ ಈ ಚರ್ಚೆಗೆ ಚಿಕಿತ್ಸಾಲಯದಲ್ಲಿ ನೇರ ಪರಿಣಾಮವಿದೆ. ಹಲ್ಲು ಸವೆದವರಿಗೆ ಮೇಲಿನ ಸಾಲಿಗೆ ಪ್ಲಾಸ್ಟಿಕ್ಕಿನ ಗಾರ್ಡ್ ಹಾಕಿ ಕಳಿಸುವುದು ದಂತವೈದ್ಯರ ನಿತ್ಯದ ಪದ್ಧತಿ. ಆಪ್ನಿಯಾ ಇರುವ ಹತ್ತು ಮಂದಿಯ ಮೇಲೆ 2004ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಇಂಥ ಗಾರ್ಡ್ ಹಾಕಿಕೊಂಡಾಗ ಅರ್ಧದಷ್ಟು ಜನರ ಉಸಿರಾಟದ ತೊಂದರೆ ಇನ್ನೂ ಹೆಚ್ಚಿತು. ಹತ್ತು ಮಂದಿಯ ಅಧ್ಯಯನ ಅಂತಿಮ ಮಾತಲ್ಲ. ಆದರೂ ಗಾರ್ಡ್ ಕೊಡುವ ಮುನ್ನ ಗೊರಕೆಯ ಬಗ್ಗೆ ವಿಚಾರಿಸಲೇಬೇಕು ಎನ್ನಲು ಅಷ್ಟು ಸಾಕು.

ಒಸಡಿನ ಕಾಯಿಲೆಯ ನಂಟು ಇನ್ನಷ್ಟು ಎಚ್ಚರಿಕೆಯಿಂದ ಓದಬೇಕಾದದ್ದು. ಹಲ್ಲಿನ ಬುಡದ ಮೂಳೆಯನ್ನು ಕರಗಿಸುವ ಒಸಡು ರೋಗ ಆಪ್ನಿಯಾ ಇರುವವರಲ್ಲಿ ಹೆಚ್ಚಾಗಿ ಕಂಡುಬಂದಿದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಆಮ್ಲಜನಕದ ಏರಿಳಿತ ದೇಹದಲ್ಲಿ ಉರಿಯೂತವನ್ನು ಕೆರಳಿಸುತ್ತದೆ, ಒಸಡು ರೋಗವೂ ಉರಿಯೂತದ್ದೇ ಕಾಯಿಲೆ ಎಂಬ ವಿವರಣೆ ಆಕರ್ಷಕವಾಗಿದೆ. ಆದರೆ ವಯಸ್ಸು, ಮಧುಮೇಹ, ಧೂಮಪಾನ, ಬೊಜ್ಜು ಇವು ಎರಡೂ ಕಾಯಿಲೆಗಳಿಗೆ ಸಮಾನ ಬೇರುಗಳು. ಆ ಬೇರುಗಳನ್ನು ಪೂರ್ತಿಯಾಗಿ ಬೇರ್ಪಡಿಸಿ ನೋಡಿದ ಅಧ್ಯಯನಗಳು ವಿರಳ. ಒಸಡಿಗೆ ಚಿಕಿತ್ಸೆ ಕೊಟ್ಟರೆ ಆಪ್ನಿಯಾ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ಆಧಾರವಿಲ್ಲ. ಹೊಟ್ಟೆಯ ಆಮ್ಲ ರಾತ್ರಿ ಮೇಲೇರಿ ಹಲ್ಲಿನ ಒಳಮೈಯನ್ನು ಕೊರೆಯುವುದರ ಬಗ್ಗೆಯೂ ಮಾತು ಇದೇ: ಜೊತೆಗೆ ಕಾಣುತ್ತದೆ, ಕಾರಣ ಸಾಬೀತಾಗಿಲ್ಲ.

ಬಾಯಿ ತೆರೆದು ಮಲಗುವ ಮಗು

ಮಕ್ಕಳಲ್ಲಿ ಈ ಕಾಯಿಲೆ ಶೇ 1ರಿಂದ 5ರಷ್ಟು ಎಂದು ಅಂದಾಜು. ಹೆಚ್ಚಿನ ಸಂದರ್ಭದಲ್ಲಿ ದಾರಿ ಕಟ್ಟುವುದು ದಪ್ಪಗಾದ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್. ಮೂಗು ಕಟ್ಟಿದ ಮಗು ಬಾಯಿಂದ ಉಸಿರಾಡುತ್ತದೆ. ಅಂಗುಳಕ್ಕೆ ತಾಗಿ ಅದನ್ನು ಅಗಲವಾಗಿ ಬೆಳೆಸಬೇಕಾದ ನಾಲಗೆ ಕೆಳಗೇ ಉಳಿಯುತ್ತದೆ. ವರ್ಷಗಳು ಕಳೆದಂತೆ ಮುಖ ಉದ್ದವಾಗಿ, ಮೇಲ್ದವಡೆ ಕಿರಿದಾಗಿ, ಹಲ್ಲುಗಳು ಒಂದರ ಮೇಲೊಂದು ಏರಬಹುದು. ಹಾಸಿಗೆ ಒದ್ದೆಯಾಗುವುದು, ನಿದ್ದೆಯಲ್ಲಿ ಬೆವರುವುದು, ತರಗತಿಯಲ್ಲಿ ಒಂದೆಡೆ ಕುಳಿತುಕೊಳ್ಳಲಾಗದ ಚಡಪಡಿಕೆ ಇವೆಲ್ಲ ದೊಡ್ಡವರ ತೂಕಡಿಕೆಯ ಜಾಗದಲ್ಲಿ ಮಕ್ಕಳಲ್ಲಿ ಕಾಣುವ ಲಕ್ಷಣಗಳು. ತುಂಟತನವೆಂದು ಬೈಸಿಕೊಳ್ಳುವ ಮಗುವಿಗೆ ಬೇಕಾಗಿರುವುದು ನೆಟ್ಟಗಿನ ಉಸಿರು ಆಗಿರಬಹುದು ಎಂಬುದನ್ನು ತಂದೆತಾಯಿ, ಶಿಕ್ಷಕರು ಮನಸ್ಸಿಗೆ ತಂದುಕೊಳ್ಳಬೇಕು.

ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆಸುವುದು ಇಲ್ಲಿ ಮೊದಲ ಚಿಕಿತ್ಸೆ. 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮಕ್ಕಳ ನಿದ್ದೆ, ನಡವಳಿಕೆ, ಜೀವನದ ಗುಣಮಟ್ಟ ಸುಧಾರಿಸಿದವು. ಏಕಾಗ್ರತೆಯ ಪರೀಕ್ಷೆಯಲ್ಲಿ ಮಾತ್ರ ನಿರೀಕ್ಷಿಸಿದಷ್ಟು ವ್ಯತ್ಯಾಸ ಬರಲಿಲ್ಲ. ಅಂಗುಳ ನಿಜಕ್ಕೂ ಕಿರಿದಾಗಿರುವ ಮಕ್ಕಳಿಗೆ ವಕ್ರದಂತ ತಜ್ಞರು ಸ್ಕ್ರೂ ಇರುವ ಸಾಧನದಿಂದ ಮೇಲ್ದವಡೆಯನ್ನು ನಿಧಾನವಾಗಿ ಅಗಲಿಸುತ್ತಾರೆ. ಸರಿಯಾಗಿ ಆರಿಸಿದ ಮಕ್ಕಳಲ್ಲಿ ಇದು ಸಹಾಯ ಮಾಡುತ್ತದೆ. ಬಾಯಿ ತೆರೆದು ಮಲಗುವ ಪ್ರತಿ ಮಗುವಿಗೂ ಇದು ಬೇಕಿಲ್ಲ.

ಹಲ್ಲನ್ನೇ ಆಧಾರವಾಗಿಸಿಕೊಂಡ ಚಿಕಿತ್ಸೆ

ದವಡೆಯನ್ನು ಮುಂದೆ ತಂದರೆ ಉಸಿರಿನ ದಾರಿ ತೆರೆಯುತ್ತದೆ ಎಂಬ ತಿಳಿವಳಿಕೆಗೆ ಶತಮಾನ ದಾಟಿದೆ. ಫ್ರಾನ್ಸಿನ ದಂತವೈದ್ಯರೊಬ್ಬರು 20ನೆಯ ಶತಮಾನದ ಆರಂಭದಲ್ಲೇ, ದವಡೆ ಚಿಕ್ಕದಾಗಿ ನಾಲಗೆ ಹಿಂದೆ ಬೀಳುತ್ತಿದ್ದ ಮಕ್ಕಳಿಗೆ ಬಾಯೊಳಗಿನ ಸಾಧನ ಮಾಡಿಕೊಟ್ಟಿದ್ದರು. ಆಪ್ನಿಯಾ ಎಂಬ ಕಾಯಿಲೆಯನ್ನು ನಿದ್ದೆಯ ದಾಖಲೆಗಳ ಮೂಲಕ ಯೂರೋಪಿನ ಸಂಶೋಧಕರು ಗುರುತಿಸಿದ್ದು 1965ರಲ್ಲಿ. ಅಂದರೆ ರೋಗಕ್ಕೆ ಹೆಸರಿಡುವ ಎಷ್ಟೋ ಮುಂಚೆ ಅದರ ಒಂದು ಪರಿಹಾರ ದಂತವೈದ್ಯರ ಕೈಯಲ್ಲಿತ್ತು. 1981ರಲ್ಲಿ ಸಿಡ್ನಿಯ ವೈದ್ಯರೊಬ್ಬರು ಮೂಗಿನ ಮೂಲಕ ನಿರಂತರ ಒತ್ತಡದ ಗಾಳಿ ಹಾಯಿಸಿ ಗಂಟಲನ್ನು ತೆರೆದಿಡುವ ಯಂತ್ರವನ್ನು ಪರಿಚಯಿಸಿದರು. ಸಿ-ಪ್ಯಾಪ್ ಎಂದು ಕರೆಯುವ ಈ ಯಂತ್ರ ಇಂದಿಗೂ ಮಧ್ಯಮ ಮತ್ತು ತೀವ್ರ ಹಂತಕ್ಕೆ ಮೊದಲ ಆಯ್ಕೆ.

ಯಂತ್ರ ಕೆಲಸ ಮಾಡುತ್ತದೆ, ಧರಿಸುವುದು ಕಷ್ಟ. ಮುಖಕ್ಕೆ ಬಿಗಿದ ಮಾಸ್ಕು, ಪಕ್ಕದಲ್ಲಿ ಕೊಳವೆ, ಹತ್ತಾರು ಸಾವಿರ ರೂಪಾಯಿ ಖರ್ಚು, ಪ್ರಯಾಣದಲ್ಲಿ ಹೊತ್ತೊಯ್ಯುವ ಪಾಡು, ವಿದ್ಯುತ್ ಹೋದರೆ ನಿಲ್ಲುವ ಆತಂಕ. ಗಾಳಿ ಸೋರಿದರೆ ಬಾಯಿ ಇನ್ನೂ ಒಣಗುತ್ತದೆ. ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಇದ್ದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ, 2,700ಕ್ಕೂ ಹೆಚ್ಚು ಜನರ ಪ್ರಯೋಗದಲ್ಲಿ ಯಂತ್ರದ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಮಾತ್ರ. ತೂಕಡಿಕೆ ತಗ್ಗಿತು, ಮನಸ್ಸು ಹಗುರವಾಯಿತು. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಪ್ರಮಾಣ ಮಾತ್ರ ಇಳಿಯಲಿಲ್ಲ. ಯಂತ್ರವೇ ಹೃದಯವನ್ನು ಕಾಯಲಾರದೋ, ಅಥವಾ ಮೂರು ಗಂಟೆಯ ಬಳಕೆ ಸಾಲದೋ ಎಂಬ ವಾದ ಇನ್ನೂ ಮುಗಿದಿಲ್ಲ.

ಬಾಯೊಳಗಿನ ಸಾಧನಕ್ಕೆ ಮಹತ್ವ ಬರುವುದು ಈ ಹಂತದಲ್ಲಿ. ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಅಚ್ಚು. ಎರಡನ್ನೂ ಜೋಡಿಸುವ ಸಣ್ಣ ಸ್ಕ್ರೂ ಅಥವಾ ಪಟ್ಟಿ. ಹಲ್ಲಿನ ಅಳತೆ ತೆಗೆದು ಪ್ರತಿಯೊಬ್ಬರಿಗೂ ಬೇರೆಯಾಗಿ ಮಾಡುವ ಇದನ್ನು ಮಲಗುವಾಗ ಹಾಕಿಕೊಂಡರೆ ಕೆಳದವಡೆ ಕೆಲವು ಮಿಲಿಮೀಟರ್ ಮುಂದೆ ನಿಲ್ಲುತ್ತದೆ. ಮೊದಲ ದಿನವೇ ಪೂರ್ತಿ ಮುಂದೆ ತರುವುದಿಲ್ಲ. ವಾರಗಟ್ಟಲೆ, ಒಂದು ಮಿಲಿಮೀಟರಿನ ಭಾಗದಷ್ಟೇ ತಿರುಗಿಸುತ್ತ, ಗೊರಕೆ ನಿಂತಿತೇ, ಕಿವಿಯ ಮುಂದಿನ ಕೀಲು ನೋಯುತ್ತಿದೆಯೇ ಎಂದು ವಿಚಾರಿಸುತ್ತ ಹೊಂದಿಸುತ್ತಾರೆ. ಕೊನೆಗೆ ಸಾಧನ ಬಾಯಲ್ಲಿರುವಾಗಲೇ ನಿದ್ದೆಯ ಪರೀಕ್ಷೆ ಮತ್ತೆ ಮಾಡಿ, ಉಸಿರು ನಿಲ್ಲುವುದು ನಿಜಕ್ಕೂ ಇಳಿದಿದೆಯೇ ಎಂದು ನೋಡಬೇಕು. ಗೊರಕೆ ನಿಂತು ಆಪ್ನಿಯಾ ಉಳಿಯುವುದು ಸಾಧ್ಯವಿರುವುದರಿಂದ ಈ ಕೊನೆಯ ಹೆಜ್ಜೆಯನ್ನು ಬಿಡುವಂತಿಲ್ಲ.

ಎರಡು ಚಿಕಿತ್ಸೆಗಳನ್ನು ಮುಖಾಮುಖಿ ನಿಲ್ಲಿಸಿದ, 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದು ಚಿಂತನೆಗೆ ಹಚ್ಚುವಂಥದ್ದು. ಉಸಿರು ನಿಲ್ಲುವ ಪ್ರಮಾಣ ಯಂತ್ರದಿಂದ ಗಂಟೆಗೆ 4.5ಕ್ಕೆ ಇಳಿದರೆ, ಬಾಯಿಯ ಸಾಧನದಿಂದ 11.1ಕ್ಕೆ ಇಳಿಯಿತು. ಯಂತ್ರವೇ ಮೇಲು ಎನ್ನಲು ಅದು ಸಾಕು. ಆದರೆ ಯಂತ್ರವನ್ನು ಜನ ಬಳಸಿದ್ದು ರಾತ್ರಿಗೆ ಸರಾಸರಿ 5.2 ಗಂಟೆ, ಸಾಧನವನ್ನು 6.5 ಗಂಟೆ, ಒಂದು ತಿಂಗಳ ಕೊನೆಗೆ ರಕ್ತದೊತ್ತಡ, ತೂಕಡಿಕೆಯ ಅಳತೆಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಯಂತ್ರವನ್ನು ಸಹಿಸಲಾಗದ ಅಥವಾ ಬೇರೆ ದಾರಿ ಬಯಸುವ ವಯಸ್ಕರಿಗೆ ಬಾಯಿಯ ಸಾಧನವನ್ನು ಕೊಡಬಹುದು ಎಂದು 2015ರ ಅಮೆರಿಕದ ಮಾರ್ಗಸೂಚಿ ಒಪ್ಪಿಕೊಂಡಿತು.

ಇದಕ್ಕೂ ಬೆಲೆ ತೆರಬೇಕು. ಆರಂಭದಲ್ಲಿ ಜೊಲ್ಲು ಹೆಚ್ಚುವುದು, ದವಡೆಯ ಕೀಲು ಬಿಗಿಯುವುದು ಸಾಮಾನ್ಯ. ವರ್ಷಗಳ ಬಳಕೆಯಿಂದ ಮೇಲಿನ ಮುಂಬಲ್ಲುಗಳು ಒಳಕ್ಕೂ ಕೆಳಗಿನವು ಹೊರಕ್ಕೂ ವಾಲಿ, ಕಚ್ಚುವ ಹೊಂದಾಣಿಕೆ ಬದಲಾಗುತ್ತದೆ. ಸಾಧನ ಹಿಡಿಯಲು ಎರಡೂ ಸಾಲಿನಲ್ಲಿ ಸಾಕಷ್ಟು ಗಟ್ಟಿ ಹಲ್ಲುಗಳಿರಬೇಕು. ಒಸಡು ರೋಗದಿಂದ ಅಲುಗಾಡುವ ಹಲ್ಲಿಗೆ ಈ ಭಾರ ಹೊರಿಸಿದರೆ ಹಲ್ಲೇ ಹೋಗುತ್ತದೆ. ಒಸಡಿನ ಆರೋಗ್ಯ ಮತ್ತು ಆಪ್ನಿಯಾದ ನಡುವೆ ಅನುಮಾನಕ್ಕೆ ಎಡೆಯಿಲ್ಲದ ಒಂದು ನಂಟು ಇದ್ದರೆ ಅದು ಇದೇ: ಹಲ್ಲು ಉಳಿಸಿಕೊಂಡವರಿಗೆ ಚಿಕಿತ್ಸೆಯ ಒಂದು ಬಾಗಿಲು ಹೆಚ್ಚಾಗಿ ತೆರೆದಿರುತ್ತದೆ.

ಬೇರೆ ದಾರಿಗಳೂ ಹುಟ್ಟಿಕೊಂಡಿವೆ. ಎರಡೂ ದವಡೆಗಳನ್ನು ಕತ್ತರಿಸಿ ಮುಂದೆ ಕೂರಿಸುವ ಶಸ್ತ್ರಚಿಕಿತ್ಸೆ, ನಾಲಗೆಯ ನರಕ್ಕೆ ವಿದ್ಯುತ್ ಪ್ರಚೋದನೆ, 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬೊಜ್ಜಿರುವ ರೋಗಿಗಳಿಗಾಗಿ ಅನುಮತಿ ಪಡೆದ ತೂಕ ಇಳಿಸುವ ಚುಚ್ಚುಮದ್ದು ಅವುಗಳಲ್ಲಿ ಕೆಲವು. ಜೈಪುರದಲ್ಲಿ 30 ರೋಗಿಗಳ ಮೇಲೆ ನಡೆಸಿ 2025ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ, ಆರು ತಿಂಗಳು ಶಂಖ ಊದುವ ಅಭ್ಯಾಸ ಮಾಡಿದವರ ತೂಕಡಿಕೆ ತಗ್ಗಿ, ಉಸಿರು ನಿಲ್ಲುವುದೂ ಗಂಟೆಗೆ ನಾಲ್ಕೈದು ಸಲದಷ್ಟು ಇಳಿಯಿತು. ಗಂಟಲು-ನಾಲಗೆಯ ಸ್ನಾಯುಗಳಿಗೆ ವ್ಯಾಯಾಮ ಎಂಬ ವಿವರಣೆ ಸಮಂಜಸವಾಗಿದೆ. ದೊಡ್ಡ ಅಧ್ಯಯನ ಬರುವವರೆಗೆ ಶಂಖವನ್ನು ಯಂತ್ರದ ಬದಲಿಗೆ ಇಟ್ಟುಕೊಳ್ಳುವುದು ಸರಿಯಲ್ಲ.

ಹಲ್ಲಿಲ್ಲದವರು, ಬಾಯಿ ತೆರೆಯಲಾಗದವರು

ಹಲ್ಲೆಲ್ಲ ಬಿದ್ದ ಹಿರಿಯರಲ್ಲಿ ದವಡೆಯ ಮೂಳೆ ಕರಗಿ ಮುಖದ ಎತ್ತರ ಕುಗ್ಗುತ್ತದೆ, ನಾಲಗೆ ಹರಡಿಕೊಂಡು ಗಂಟಲಿನತ್ತ ಸರಿಯುತ್ತದೆ. ಹಾಗಾದರೆ ಹಲ್ಲಿನ ಸೆಟ್ ಹಾಕಿಕೊಂಡೇ ಮಲಗಬಹುದೇ? ಕೆಲವು ಅಧ್ಯಯನಗಳಲ್ಲಿ ಸೆಟ್ ಇದ್ದಾಗ ಉಸಿರಾಟ ಸುಧಾರಿಸಿತು, ಬ್ರೆಜಿಲ್‌ನ ಒಂದು ಪ್ರಯೋಗದಲ್ಲಿ ಅಂಗಾತ ಮಲಗಿದವರಿಗೆ ಅದು ಹೆಚ್ಚು ತೊಂದರೆ ತಂದಿತು. ಇತ್ತ ಜಪಾನಿನ ಅತಿ ಹಿರಿಯರ ಮೇಲಿನ ಅಧ್ಯಯನ ಸೆಟ್ ಹಾಕಿಕೊಂಡು ಮಲಗುವವರಲ್ಲಿ ನ್ಯುಮೋನಿಯಾ ಅಪಾಯ ಎರಡು ಪಟ್ಟಿಗೂ ಹೆಚ್ಚೆಂದು 2015ರಲ್ಲಿ ತಿಳಿಸಿತು. ಸದ್ಯಕ್ಕೆ ರಾತ್ರಿ ಸೆಟ್ ತೆಗೆದು ತೊಳೆದಿಡುವ ಹಳೆಯ ಸಲಹೆಯೇ ಉಳಿಯಬೇಕು. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆ ನಮ್ಮ ರಾಜ್ಯದಲ್ಲಿದೆ. ಅಳತೆ ಕೊಡಲು ಬರುವ ಆ ಹಿರಿಯರ ಗೊರಕೆ, ರಕ್ತದೊತ್ತಡಗಳನ್ನು ಅದೇ ಹೊತ್ತಿಗೆ ವಿಚಾರಿಸಲು ಹೆಚ್ಚಿನ ಖರ್ಚು ಬೇಕಿಲ್ಲ.

ಕರ್ನಾಟಕ ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ. ಅಡಿಕೆ, ಗುಟ್ಕಾ ಅಗಿಯುವ ಚಟದಿಂದ ಕೆನ್ನೆಯ ಒಳಪದರ ಹಗ್ಗದಂತೆ ಬಿಗಿದು ಎರಡು ಬೆರಳೂ ತೂರದಷ್ಟು ಬಾಯಿ ಕಿರಿದಾಗುವ ಕಾಯಿಲೆ ನಮ್ಮ ದಂತ ಆಸ್ಪತ್ರೆಗಳಿಗೆ ಹೊಸದಲ್ಲ. ಅಂಥವರಿಗೆ ಆಪ್ನಿಯಾ ಇದ್ದರೆ ಬಾಯಿಯ ಸಾಧನಕ್ಕೆ ಅಳತೆ ತೆಗೆಯುವುದೂ, ಅದನ್ನು ಒಳಗಿಡುವುದೂ ಕಷ್ಟವಾಗುತ್ತದೆ.

ಅಲಕ್ಷ್ಯ ಒಂದೆಡೆ, ಅತ್ಯುತ್ಸಾಹ ಇನ್ನೊಂದೆಡೆ

ದಂತವೈದ್ಯರು ಕಣ್ಣು ಮುಚ್ಚಿಕೊಂಡದ್ದು ಇಷ್ಟುಕಾಲದ ತೊಂದರೆಯಾದರೆ, ಕೆಲವರು ಕಂಡದ್ದನ್ನೆಲ್ಲ ಆಪ್ನಿಯಾ ಎನ್ನುತ್ತಿರುವುದು ಹೊಸ ತೊಂದರೆ. ಮಕ್ಕಳ ನಾಲಗೆಯ ಕೆಳಗಿನ ಪಟ್ಟಿಯನ್ನು ಲೇಸರಿನಿಂದ ಕತ್ತರಿಸಿದರೆ ಉಸಿರಾಟ ಸರಿಹೋಗುತ್ತದೆ, ವಯಸ್ಕರ ದವಡೆಯನ್ನು ಸಾಧನದಿಂದಲೇ ಬೆಳೆಸಬಹುದು ಎಂಬ ಜಾಹೀರಾತುಗಳು ಹೆಚ್ಚಿವೆ. ದವಡೆ ಬೆಳೆಸಿ ಆಪ್ನಿಯಾ ವಾಸಿಮಾಡುತ್ತದೆಂದು ಪ್ರಚಾರ ಪಡೆದಿದ್ದ ಒಂದು ಸಾಧನದಿಂದ ಹಲ್ಲುಗಳೇ ಮೂಳೆಯಿಂದ ಹೊರಸರಿದವೆಂದು ಅಮೆರಿಕದ ರೋಗಿಗಳು ನ್ಯಾಯಾಲಯಕ್ಕೆ ಹೋದ ಸುದ್ದಿ 2023ರಲ್ಲಿ ಹೊರಬಂತು. ಕ್ಲಿಪ್ ಹಾಕುವಾಗ ಹಲ್ಲು ಕೀಳಿಸಿದರೆ ಮುಂದೆ ಆಪ್ನಿಯಾ ಬರುತ್ತದೆಂಬ ಭಯವನ್ನೂ ಹರಡಲಾಗುತ್ತಿದೆ. 5,500ಕ್ಕೂ ಹೆಚ್ಚು ಜನರ ದಾಖಲೆಗಳನ್ನು ಹೋಲಿಸಿದ 2015ರ ಅಧ್ಯಯನದಲ್ಲಿ ಅಂಥ ನಂಟು ಕಂಡುಬರಲಿಲ್ಲ. ಬಾಯಿಗೆ ಟೇಪು ಅಂಟಿಸಿಕೊಂಡು ಮಲಗುವ ಗೀಳಂತೂ ಮೂಗು ಕಟ್ಟಿದವರಿಗೆ ಅಪಾಯಕಾರಿ.

ಎಲ್ಲರನ್ನೂ ಪರೀಕ್ಷಿಸಿಬಿಡೋಣ ಎಂಬ ಒತ್ತಾಯಕ್ಕೂ ಮಿತಿ ಇದೆ. ಯಾವ ಲಕ್ಷಣವೂ ಇಲ್ಲದ ವಯಸ್ಕರನ್ನು ಸಾಮೂಹಿಕವಾಗಿ ತಪಾಸಣೆ ಮಾಡುವುದರಿಂದ ಲಾಭವೆಷ್ಟೆಂದು ಹೇಳಲು ಪುರಾವೆ ಸಾಲದು ಎಂದು ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಹೇಳಿದೆ. ಲಕ್ಷಣ ಇರುವವರನ್ನು ಗುರುತಿಸುವುದು ಬೇರೆಯೇ ಮಾತು. ಅದಕ್ಕೆ ಗೊರಕೆ, ಹಗಲಿನ ಆಯಾಸ, ಇತರರು ಕಂಡ ಉಸಿರಿನ ನಿಲುಗಡೆ, ರಕ್ತದೊತ್ತಡ, ತೂಕ, ವಯಸ್ಸು, ಕುತ್ತಿಗೆಯ ಸುತ್ತಳತೆ, ಲಿಂಗ ಎಂಬ ಎಂಟು ಪ್ರಶ್ನೆಗಳ ಪಟ್ಟಿ 2008ರಿಂದ ಬಳಕೆಯಲ್ಲಿದೆ. ಅದನ್ನು ತುಂಬಲು ಎರಡು ನಿಮಿಷ ಸಾಕು, ಕುತ್ತಿಗೆ ಅಳೆಯಲು ದರ್ಜಿಯ ಟೇಪು ಸಾಕು.

ಗೋಡೆಯ ಎರಡು ಬದಿ

ದಂತವೈದ್ಯ ಶಿಕ್ಷಣ ವೈದ್ಯಶಿಕ್ಷಣದಿಂದ ಬೇರೆಯಾದದ್ದು 1840ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಗತ್ತಿನ ಮೊದಲ ದಂತ ಕಾಲೇಜು ತೆರೆದಾಗ. ಭಾರತದಲ್ಲೂ 1948ರ ಪ್ರತ್ಯೇಕ ಕಾಯ್ದೆಯಡಿ ಅದು ಬೇರೆ ದಾರಿಯಲ್ಲೇ ಬೆಳೆಯಿತು. ಬೇರೆಯಾದದ್ದರಿಂದ ಹಲ್ಲಿನ ವಿದ್ಯೆ ಆಳವಾಯಿತು ಎಂಬುದು ನಿಜ. ಅದರ ಜೊತೆಗೆ ಬಾಯಿ ದೇಹದಿಂದ ಹೊರಗಿನ ಅಂಗವೆಂಬಂತಾಯಿತು. ಗಂಟಲಿನ ಕಾಯಿಲೆಗೆ ಬಾಯಿ ನೋಡದ ವೈದ್ಯರು, ಹಲ್ಲಿನ ಸವೆತಕ್ಕೆ ನಿದ್ದೆಯ ಬಗ್ಗೆ ವಿಚಾರಿಸದ ದಂತವೈದ್ಯರು, ಇಬ್ಬರೂ ತಮ್ಮ ತಮ್ಮ ಪಾಠದ ಪ್ರಕಾರ ಸರಿಯಾಗಿಯೇ ನಡೆದುಕೊಂಡರೂ ರೋಗಿ ನಡುವೆ ಬಿದ್ದುಹೋಗುತ್ತಾನೆ. ಹಲ್ಲು ಕೀಳುವಾಗ ನಿದ್ದೆಮಂಪರಿನ ಔಷಧ ಕೊಡಬೇಕಾದರೆ ಈ ಅಜ್ಞಾನ ಆ ಕ್ಷಣದಲ್ಲೇ ಅಪಾಯವಾಗಬಹುದು. ಆಪ್ನಿಯಾ ಇರುವವರ ಗಂಟಲು ಅಂಥ ಔಷಧಕ್ಕೆ ಬೇಗ ಕುಸಿಯುತ್ತದೆ.

ನಮ್ಮ ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ನಿದ್ದೆಯ ಪ್ರಯೋಗಾಲಯಗಳು ದೊಡ್ಡ ನಗರಗಳಲ್ಲಿ ಗುಂಪಾಗಿವೆ, ದಂತವೈದ್ಯರು ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ. ಮೂಗಿಗೊಂದು ಕೊಳವೆ, ಬೆರಳಿಗೊಂದು ಕ್ಲಿಪ್ಪು, ಎದೆಗೊಂದು ಪಟ್ಟಿ ಕಟ್ಟಿಕೊಂಡು ಮನೆಯಲ್ಲೇ ಮಲಗಿ ಮಾಡಿಸಿಕೊಳ್ಳುವ ಪರೀಕ್ಷೆಗಳೂ ಈಗ ಬಂದಿವೆ. ಅನುಮಾನ ಮೂಡಿಸಿಕೊಂಡು ಕಳಿಸುವ ಕೆಲಸ ದಂತವೈದ್ಯರದಾಗಬೇಕು. ಕಾಯಿಲೆ ಇದೆ ಎಂದು ತೀರ್ಮಾನಿಸುವುದು ನಿದ್ದೆಯ ಪರೀಕ್ಷೆ ನೋಡಿದ ವೈದ್ಯರದಾಗಬೇಕು. ಬಾಯಿಯ ಸಾಧನ ಬೇಕೆಂದಾದರೆ ಅದು ಮತ್ತೆ ತರಬೇತಿ ಪಡೆದ ದಂತವೈದ್ಯರ ಕೈಗೆ ಬರಬೇಕು. ಪರೀಕ್ಷೆಯ ವರದಿ ಇಲ್ಲದೆ ಸಾಧನ ಮಾರುವುದನ್ನು ತಪ್ಪೆಂದೇ ಪರಿಗಣಿಸಬೇಕು. ಈ ಸರಣಿಯನ್ನು ಪಠ್ಯಕ್ರಮದಲ್ಲಿ, ಸರ್ಕಾರಿ ದಂತ ಘಟಕಗಳ ಚೀಟಿಯಲ್ಲಿ ಸೇರಿಸುವುದಕ್ಕೆ ಹೊಸ ಕಟ್ಟಡವಾಗಲಿ ಹೊಸ ಇಲಾಖೆಯಾಗಲಿ ಬೇಕಿಲ್ಲ.

ಓದುಗರಲ್ಲಿ ಒಂದು ವಿನಂತಿ. ಮಲಗಿದವರಿಗೆ ತಮ್ಮ ಉಸಿರು ನಿಂತದ್ದು ತಿಳಿಯುವುದಿಲ್ಲ. ಪಕ್ಕದಲ್ಲಿ ಎಚ್ಚರವಾಗಿದ್ದು ಅದು ಮರಳುವುದನ್ನು ಕಾದವರಿಗೆ ಗೊತ್ತಿರುತ್ತದೆ. ಮುಂದಿನ ಸಲ ಹಲ್ಲು ತೋರಿಸಲು ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರು ಕಂಡದ್ದನ್ನು ಹೇಳಲು ಬಿಡಿ.